ಬೊಜ್ಜಿನ ಶಸ್ತ್ರಚಿಕಿತ್ಸೆ: ಅನುಭವಸ್ಥರ ನೆರವು ಬೆಳೆದು ಬಂದ ಬಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ - ವಿಜಯಪುರ ಜಿಲ್ಲೆಯ ಈ ಹೆಸರುಗಳನ್ನು ಕೇಳಿದೊಡನೆ ನಿಮ್ಮ ಮನಸ್ಸಿಗೆ ಬರುವುದೇನು? ಕಪ್ಪು ಎರೆಭೂಮಿ, ಬಿಳಿಜೋಳ, ನಿಂಬೆಯ ತೋಟಗಳು. ಅವುಗಳ ಹಿಂದೆಯೇ ಬರಗಾಲ. 1876ರಲ್ಲಿ ಮಳೆ ಕೈಕೊಟ್ಟಾಗ ಈ ಪ್ರದೇಶ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿತ್ತು. ಬರ ಕಾಮಗಾರಿಯಲ್ಲಿ ಕಲ್ಲು ಒಡೆದವರಿಗೆ 1877ರಲ್ಲಿ ಸರ್ಕಾರ ಗೊತ್ತುಮಾಡಿದ ದಿನಗೂಲಿ, ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅದರ ಮೇಲೆ ಒಂದಿಷ್ಟು ಪುಡಿಗಾಸು. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ದಿನವಿಡೀ ದುಡಿಯುವ ದೇಹಕ್ಕೆ ಅದು ಸಾಲದು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಕುಸಿಯಿತು.

ಅದೇ ನೆಲದ ಜನರಿಗಾಗಿ ಇಂದು ಬೊಜ್ಜಿನ ಬಗ್ಗೆ ಬರೆಯಬೇಕಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 30ರಷ್ಟು ಮಂದಿಗೆ ಅತಿತೂಕ ಅಥವಾ ಬೊಜ್ಜು ಇದೆ. ಪುರುಷರದೂ ಹೆಚ್ಚುಕಡಿಮೆ ಇದೇ ಲೆಕ್ಕ. ಅದೇ ಸಮೀಕ್ಷೆಯಲ್ಲಿ ಶೇ. 17ರಷ್ಟು ಮಹಿಳೆಯರು ತೀರ ಕೃಶರು. ಹಸಿವು ಪೂರ್ತಿ ಹೋಗುವ ಮೊದಲೇ ಬೊಜ್ಜು ಬಂದು ಕುಳಿತಿದೆ.

ತೀವ್ರ ಬೊಜ್ಜಿಗೆ ಶಸ್ತ್ರಚಿಕಿತ್ಸೆಯೂ ಒಂದು ಪರಿಹಾರ. ಅದು ನಡೆಯುವುದು ದೊಡ್ಡ ನಗರಗಳಲ್ಲಿ. ಅದನ್ನು ಮಾಡಿಸಿಕೊಂಡವರು ಬದುಕುವುದು ಮಾತ್ರ ತಮ್ಮ ಊರಿನಲ್ಲಿ. ಮೂರು ದಿನಕ್ಕೆ ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಬಂದವರಿಗೆ ಮೂರು ತಿಂಗಳ ನಂತರ, ಮೂರು ವರ್ಷಗಳ ನಂತರ ಏಳುವ ಪ್ರಶ್ನೆಗಳಿಗೆ ಉತ್ತರ ಹೇಳುವವರು ಯಾರು? ಅದೇ ದಾರಿಯಲ್ಲಿ ಮೊದಲೇ ನಡೆದು ಹೋದ ಇನ್ನೊಬ್ಬರು ಅದನ್ನು ಹೇಳಬಹುದೆ? ಈ ಪ್ರಶ್ನೆಗೆ ವೈದ್ಯಕೀಯದ ಚರಿತ್ರೆಯಲ್ಲಿ ಉತ್ತರವಿದೆ. ಬನ್ನಿ, ಅದನ್ನು ಮೊದಲಿನಿಂದ ನೋಡೋಣ.

ಬೊಜ್ಜಿಗೊಂದು ಅಳತೆ

ಅತಿಯಾದ ಸ್ಥೂಲಕಾಯ ಆರೋಗ್ಯದ ಲಕ್ಷಣವಲ್ಲ ಎಂಬುದು ನಮ್ಮವರಿಗೆ ಹೊಸ ವಿಷಯವಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಂಟು ಬಗೆಯ 'ನಿಂದಿತ' ದೇಹಗಳ ಪ್ರಸ್ತಾಪವಿದೆ. ಅತಿಸ್ಥೂಲ ಮತ್ತು ಅತಿಕೃಶ ಎರಡೂ ಆ ಪಟ್ಟಿಯಲ್ಲಿವೆ. ಆದರೆ 'ಅತಿ' ಎಂದರೆ ಎಷ್ಟು? ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ 1832ರಲ್ಲಿ, ವಯಸ್ಕರ ತೂಕವು ಎತ್ತರದ ವರ್ಗಕ್ಕೆ ಹೊಂದಿಕೊಂಡು ಏರುತ್ತದೆ ಎಂದು ತೋರಿಸಿದರು. ಅಮೆರಿಕದ ಆನ್ಸೆಲ್ ಕೀಸ್ 1972ರಲ್ಲಿ ಅದಕ್ಕೆ ದೇಹತೂಕ ಸೂಚ್ಯಂಕ ಎಂಬ ಹೆಸರು ಕೊಟ್ಟರು. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರಾಯಿತು. ನಿಮ್ಮ ಎತ್ತರ 1.6 ಮೀಟರು, ತೂಕ 96 ಕಿಲೋ ಎಂದಿಟ್ಟುಕೊಳ್ಳಿ. 1.6ರ ವರ್ಗ 2.56. 96ನ್ನು 2.56ರಿಂದ ಭಾಗಿಸಿದರೆ 37.5.

ಈ ಸಂಖ್ಯೆ ಎಲ್ಲ ಜನಾಂಗಗಳಿಗೂ ಒಂದೇ ಅರ್ಥ ಕೊಡುವುದಿಲ್ಲ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು ಭಾರತೀಯ ಮಕ್ಕಳು ಹುಟ್ಟುವಾಗಲೇ ತೂಕದಲ್ಲಿ ಕಡಿಮೆ, ಕೊಬ್ಬಿನ ಪ್ರಮಾಣದಲ್ಲಿ ಹೆಚ್ಚು ಎಂಬುದನ್ನು ತೋರಿಸಿಕೊಟ್ಟರು. ಹೊರಗೆ ತೆಳ್ಳಗೆ ಕಂಡರೂ ಒಳಗೆ ಕೊಬ್ಬು. ಆದ್ದರಿಂದಲೇ ನಮ್ಮಲ್ಲಿ ಸಕ್ಕರೆ ಕಾಯಿಲೆ ಕಡಿಮೆ ತೂಕದಲ್ಲೇ ಕಾಣಿಸುತ್ತದೆ. ಏಷ್ಯದ ಜನರಿಗೆ 23ರಿಂದಲೇ ಅಪಾಯ ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಎಚ್ಚರಿಸಿದರು. ಭಾರತದ ತಜ್ಞರು 2009ರಲ್ಲಿ 25ನ್ನು ಬೊಜ್ಜಿನ ಗೆರೆ ಎಂದು ಒಪ್ಪಿಕೊಂಡರು.

ಹದಿನೆಂಟು ಅಂಗುಲದ ಕರುಳು

ಬೊಜ್ಜಿಗೆ ಕತ್ತರಿ ಹಿಡಿದ ಕಥೆ 1950ರ ದಶಕದಲ್ಲಿ ಆರಂಭವಾಗುತ್ತದೆ. 1954ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆರ್ನಾಲ್ಡ್ ಕ್ರೆಮೆನ್ ಮತ್ತು ಸಂಗಡಿಗರು, ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ದಾರಿಯಿಂದ ತಪ್ಪಿಸುವ ವಿಧಾನವನ್ನು ವರದಿ ಮಾಡಿದರು. ತರ್ಕ ಸರಳವಾಗಿತ್ತು: ಆಹಾರ ಹೀರುವ ಕರುಳೇ ಕಡಿಮೆಯಾದರೆ ತೂಕ ಇಳಿಯಲೇಬೇಕು. 1969ರಲ್ಲಿ ಪೇನ್ ಮತ್ತು ಡಿವಿಂಡ್ ಎಂಬ ಶಸ್ತ್ರವೈದ್ಯರು ಪ್ರಕಟಿಸಿದ ವಿಧಾನ ಬಹಳ ಹೆಸರು ಮಾಡಿತು. ಅದರಲ್ಲಿ ಕರುಳಿನ ಮೊದಲ 14 ಅಂಗುಲವನ್ನು ಕೊನೆಯ 4 ಅಂಗುಲಕ್ಕೆ ಜೋಡಿಸುತ್ತಿದ್ದರು. ಸುಮಾರು 20 ಅಡಿಯ ಕರುಳಿನಲ್ಲಿ ಕೆಲಸಕ್ಕೆ ಉಳಿಯುತ್ತಿದ್ದದ್ದು 18 ಅಂಗುಲ.

ತೂಕವೇನೋ ಇಳಿಯಿತು. ಆದರೆ ನಿಲ್ಲದ ಭೇದಿ, ಮೂತ್ರಪಿಂಡದಲ್ಲಿ ಕಲ್ಲು, ಕೀಲುನೋವು, ಜೀವಸತ್ವಗಳ ಕೊರತೆ ಕಾಣಿಸಿಕೊಂಡವು. ಕೆಲವರ ಯಕೃತ್ತೇ ಸೋತು ಅವರು ಸತ್ತರು. ಶಸ್ತ್ರವೈದ್ಯರ ಕೆಲಸ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತಿತ್ತು. ದೇಹ ತನ್ನ ಲೆಕ್ಕವನ್ನು ಒಪ್ಪಿಸುತ್ತಿದ್ದದ್ದು ವರ್ಷಗಳ ನಂತರ. ಅಷ್ಟರಲ್ಲಿ ಎಷ್ಟೋ ರೋಗಿಗಳು ಆಸ್ಪತ್ರೆಯ ಸಂಪರ್ಕ ಕಳೆದುಕೊಂಡಿರುತ್ತಿದ್ದರು. 1980ರ ಸುಮಾರಿಗೆ ಈ ವಿಧಾನವನ್ನು ಕೈಬಿಡಲಾಯಿತು. ಈ ಶಸ್ತ್ರಚಿಕಿತ್ಸೆಯಲ್ಲಿ ಕೊಯ್ಯುವುದಕ್ಕಿಂತ ಕೊಯ್ದ ಮೇಲೆ ನೋಡಿಕೊಳ್ಳುವುದು ದೊಡ್ಡ ಕೆಲಸ ಎಂಬ ಪಾಠವನ್ನು ಅದು ಉಳಿಸಿ ಹೋಯಿತು.

ಈ ಪಾಠವನ್ನು ಚೆನ್ನಾಗಿ ಅರಿತವರು ಅಯೋವ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್. ಹುಣ್ಣಿನ ಕಾರಣಕ್ಕೆ ಜಠರದ ಭಾಗ ತೆಗೆಸಿಕೊಂಡವರು ಮತ್ತೆ ದಪ್ಪಗಾಗುವುದಿಲ್ಲ ಎಂಬುದನ್ನು ಗಮನಿಸಿದ ಅವರು 1966ರಲ್ಲಿ ಜಠರದ ಬೈಪಾಸ್ ವಿಧಾನವನ್ನು ಆರಂಭಿಸಿದರು. ಇಂದು ಈ ವಿಧಾನದಲ್ಲಿ ಒಂದು-ಒಂದೂವರೆ ಲೀಟರು ಹಿಡಿಯುವ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರಿನ ಒಂದು ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಮೇಸನ್ 1980ರ ದಶಕದಲ್ಲಿ ರೋಗಿಗಳ ನೋಂದಣಿ ವ್ಯವಸ್ಥೆಯೊಂದನ್ನೂ ಕಟ್ಟಿದರು. ಶಸ್ತ್ರಚಿಕಿತ್ಸೆಯಾದವರನ್ನು ವರ್ಷಾನುಗಟ್ಟಲೆ ಗಮನಿಸುತ್ತಲೇ ಇರಬೇಕು ಎಂಬುದು ಅದರ ಉದ್ದೇಶ. ಅವರು ತೀರಿಕೊಂಡದ್ದು 2020ರಲ್ಲಿ, ನೂರು ವರ್ಷ ತುಂಬಿದ ಮೇಲೆ.

ಮುಂದಿನದನ್ನು ಬೇಗ ಹೇಳಿಬಿಡಬಹುದು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಮಾಲೋಚನಾ ಸಭೆ, ಸೂಚ್ಯಂಕ 40 ದಾಟಿದವರಿಗೆ, ಅಥವಾ 35 ದಾಟಿ ಗಂಭೀರ ಕಾಯಿಲೆಗಳೂ ಇದ್ದವರಿಗೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದೆಂದಿತು. ಜೀವನಪೂರ್ತಿ ವೈದ್ಯಕೀಯ ನಿಗಾ ಬೇಕೆಂದೂ ಹೇಳಿತು. 1993ರ ಹೊತ್ತಿಗೆ ಹೊಟ್ಟೆ ಸೀಳದೆ, ಸಣ್ಣ ರಂಧ್ರಗಳ ಮೂಲಕವೇ ಮಾಡುವ ಲ್ಯಾಪರೋಸ್ಕೋಪಿ ವಿಧಾನ ಬಂತು. ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆಯಾಗಿಸುವ ಸ್ಲೀವ್ ವಿಧಾನ 2000ದ ನಂತರ ಹರಡಿತು; ಇಂದು ಜಗತ್ತಿನಲ್ಲಿ ಹೆಚ್ಚು ನಡೆಯುವುದು ಇದೇ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೊಡ್ಡ ಅಧ್ಯಯನ 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಸುಮಾರು ಹನ್ನೊಂದು ವರ್ಷಗಳ ಅವಧಿಯಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸಾವಿನ ಅಪಾಯ, ಮಾಡಿಸಿಕೊಳ್ಳದ ಅದೇ ಬಗೆಯ ರೋಗಿಗಳಿಗಿಂತ ಶೇ. 29ರಷ್ಟು ಕಡಿಮೆ ಇತ್ತು.

ಭಾರತದಲ್ಲಿ ಈ ಶಸ್ತ್ರಚಿಕಿತ್ಸೆ ವ್ಯಾಪಕವಾದದ್ದು 2000ದ ನಂತರವೇ. ಇಲ್ಲಿನ ಶಸ್ತ್ರವೈದ್ಯರು ಬಹುಕಾಲ ಅನುಸರಿಸಿದ ಗೆರೆ 37.5, ಸಕ್ಕರೆ ಕಾಯಿಲೆಯಂಥವು ಇದ್ದರೆ 32.5. 2022ರಲ್ಲಿ ಎರಡು ಅಂತರರಾಷ್ಟ್ರೀಯ ಸಂಘಗಳು ಈ ಗೆರೆಗಳನ್ನು ಇನ್ನಷ್ಟು ಕೆಳಗಿಳಿಸಿ, ಏಷ್ಯದವರಿಗೆ 27.5ರಿಂದಲೇ ಶಸ್ತ್ರಚಿಕಿತ್ಸೆಯ ಅವಕಾಶವಿರಲಿ ಎಂದವು. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು 2025ರಲ್ಲಿ ಭಾರತದ ಮಾರುಕಟ್ಟೆಗೂ ಬಂದಿವೆ. ಅವನ್ನು ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುವುದುಂಟು. ದಾರಿ ಯಾವುದಾದರೂ ನಿಗಾ ತಪ್ಪಿದ್ದಲ್ಲ ಎಂದಾಯಿತು.

ಅನುಭವಸ್ಥರು ಬಂದ ದಾರಿ

ರೋಗಿಗೆ ರೋಗಿಯೇ ನೆರವಾಗುವ ಪದ್ಧತಿಗೆ ತನ್ನದೇ ಆದ ಚರಿತ್ರೆಯಿದೆ. 1905ರಲ್ಲಿ ಬಾಸ್ಟನ್ ನಗರದ ವೈದ್ಯ ಜೋಸೆಫ್ ಪ್ರಾಟ್, ಆರೋಗ್ಯಧಾಮಕ್ಕೆ ಹೋಗಲು ಹಣವಿಲ್ಲದ ಬಡ ಕ್ಷಯರೋಗಿಗಳಿಗಾಗಿ ವಾರಕ್ಕೊಂದು 'ತರಗತಿ' ಆರಂಭಿಸಿದರು. ಪ್ರತಿಯೊಬ್ಬರೂ ದಿನಚರಿ ಬರೆದು ತರಬೇಕು, ತೂಕ ನೋಡಿಸಿಕೊಳ್ಳಬೇಕು. ಕ್ಷಯದಲ್ಲಿ ತೂಕ ಏರುವುದೇ ಶುಭಸೂಚನೆ. ಒಬ್ಬರ ತೂಕ ಏರಿದ್ದನ್ನು ಕಂಡು ಇನ್ನೊಬ್ಬರಿಗೆ ಭರವಸೆ ಹುಟ್ಟುತ್ತಿತ್ತು. ವೈದ್ಯರ ಮಾತಿಗಿಂತ ಪಕ್ಕದಲ್ಲಿ ಕುಳಿತವರ ಉದಾಹರಣೆ ಹೆಚ್ಚು ಕೆಲಸ ಮಾಡುವುದನ್ನು ಪ್ರಾಟ್ ಕಂಡರು.

ತೂಕ ಇಳಿಸುವವರ ಗುಂಪು ಬಂದದ್ದು 1948ರಲ್ಲಿ. ಮಿಲ್ವಾಕಿ ನಗರದ ಗೃಹಿಣಿ ಎಸ್ತರ್ ಮಾಂಜ್, ಗರ್ಭಿಣಿಯರ ತರಗತಿಯಲ್ಲಿ ಹೆಂಗಸರು ಒಬ್ಬರಿಗೊಬ್ಬರು ಧೈರ್ಯ ಹೇಳುವುದನ್ನು ನೋಡಿದ್ದರು. ಬೊಜ್ಜಿಗೂ ಹೀಗೇ ಮಾಡಬಾರದೇಕೆ ಎಂದು ಗೆಳತಿಯರನ್ನು ತಮ್ಮ ಅಡುಗೆಮನೆಯಲ್ಲಿ ಸೇರಿಸಿದರು. 1960ರ ದಶಕದಲ್ಲಿ ನ್ಯೂಯಾರ್ಕಿನ ಜೀನ್ ನೈಡೆಚ್ ಅದೇ ರೀತಿ ಮನೆಯಲ್ಲಿ ಆರಂಭಿಸಿದ ಕೂಟ 1963ರಲ್ಲಿ ಕಂಪನಿಯಾಯಿತು. 1978ರಲ್ಲಿ ಅದನ್ನು ದೊಡ್ಡ ಆಹಾರ ಉದ್ಯಮವೊಂದು ಕೊಂಡುಕೊಂಡಿತು. ಗೆಳೆತನದಿಂದ ಹುಟ್ಟಿದ್ದು ವ್ಯಾಪಾರವಾಗಲು ಹೆಚ್ಚು ಕಾಲ ಬೇಕಿಲ್ಲ ಎಂಬುದನ್ನೂ ನಾವಿಲ್ಲಿ ಗಮನಿಸಬೇಕು.

ಶಸ್ತ್ರಚಿಕಿತ್ಸೆಯ ಲೋಕಕ್ಕೆ ಅನುಭವಸ್ಥರನ್ನು ಕರೆತಂದವರಲ್ಲಿ ನಾರ್ಮಾ ಗಿಲ್ ಎಂಬ ಮಹಿಳೆಯನ್ನು ನೆನೆಯಲೇಬೇಕು. ದೊಡ್ಡ ಕರುಳಿನ ಹುಣ್ಣಿನಿಂದ ನರಳಿದ ಅವರಿಗೆ 1954ರಲ್ಲಿ ಕ್ಲೀವ್ಲೆಂಡಿನಲ್ಲಿ ಡಾ. ರೂಪರ್ಟ್ ಟರ್ನ್‌ಬುಲ್ ಶಸ್ತ್ರಚಿಕಿತ್ಸೆ ಮಾಡಿ, ಹೊಟ್ಟೆಯ ಮೇಲೆ ಮಲದ ದ್ವಾರವೊಂದನ್ನು ಮಾಡಿದ್ದರು. ಚೀಲ ಅಂಟಿಸುವುದು ಹೇಗೆ, ಚರ್ಮ ಕೆಂಪಾದರೆ ಏನು ಮಾಡಬೇಕು, ಮದುವೆ ಮನೆಗೆ ಹೋಗಬಹುದೆ - ಇಂಥವಕ್ಕೆಲ್ಲ ಅವರು ತಾವೇ ಉತ್ತರ ಕಂಡುಕೊಂಡು ಇತರ ರೋಗಿಗಳಿಗೆ ಹೇಳತೊಡಗಿದರು. 1958ರಲ್ಲಿ ಟರ್ನ್‌ಬುಲ್ ಅವರನ್ನು ಆಸ್ಪತ್ರೆಯ ಕೆಲಸಕ್ಕೇ ಸೇರಿಸಿಕೊಂಡರು. ರೋಗಿಯ ಅನುಭವ ಅಲ್ಲಿ ಒಂದು ವೃತ್ತಿಯಾಯಿತು, ಮುಂದೆ ಅದರ ತರಬೇತಿ ಶಾಲೆಯೂ ಬಂತು. ಭಾರತದಲ್ಲಿಯೂ ಇಂಥ ರೋಗಿಗಳ ಸಂಘ 1970ರ ದಶಕದಲ್ಲಿ ಮುಂಬಯಿಯಲ್ಲಿ ಹುಟ್ಟಿಕೊಂಡಿತು.

ಬೊಜ್ಜಿನ ಶಸ್ತ್ರಚಿಕಿತ್ಸೆಯವರ ಗುಂಪುಗಳು ಈ ಹಾದಿಯಲ್ಲೇ ಬಂದವು. 2000ದ ದಶಕದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ಈ ಶಸ್ತ್ರಚಿಕಿತ್ಸೆಯ ಕೇಂದ್ರಗಳಿಗೆ ಮಾನ್ಯತೆ ಕೊಡುವ ಪದ್ಧತಿ ಆರಂಭವಾದಾಗ, ರೋಗಿಗಳ ಬೆಂಬಲ ಗುಂಪು ಇರಬೇಕೆಂಬುದೂ ಒಂದು ಷರತ್ತಾಯಿತು. ಇಂಥ ಗುಂಪುಗಳಿಂದ ನಿಜವಾಗಿ ಪ್ರಯೋಜನವಿದೆಯೆ? 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಪ್ರಬಂಧವೊಂದು, ಗುಂಪಿಗೆ ಬರುವವರ ತೂಕ ಹೆಚ್ಚು ಇಳಿದಿರುವುದನ್ನು ಗುರುತಿಸಿತು. ಆದರೆ ಎಚ್ಚರಿಕೆ: ತಪ್ಪದೆ ಗುಂಪಿಗೆ ಬರುವವರು ಮೊದಲೇ ಶಿಸ್ತಿನವರಾಗಿರಬಹುದು. ಆದ್ದರಿಂದ ಲಾಭವೆಲ್ಲವೂ ಗುಂಪಿನದೇ ಎನ್ನಲಾಗದು. ಗುಂಪಿನ ದೊಡ್ಡ ಉಪಯೋಗ ಬೇರೆಡೆ ಇದೆ: ಅಪಾಯವನ್ನು ಬೇಗ ಗುರುತಿಸುವುದರಲ್ಲಿ.

ಬೆರಿಬೆರಿಯ ಹಳೆಯ ಪಾಠ

ಇದನ್ನು ಒಂದು ಉದಾಹರಣೆಯಿಂದ ನೋಡಿ. ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾದ ಒಬ್ಬ ಮಹಿಳೆಗೆ ಎರಡು ವಾರದಿಂದ ವಾಂತಿ ನಿಂತಿಲ್ಲ ಎಂದಿಟ್ಟುಕೊಳ್ಳಿ. ಊರಿನಲ್ಲಿ ನಾವೇನು ಮಾಡುತ್ತೇವೆ? 'ನಿಶ್ಶಕ್ತಿ ಆಗೈತಿ, ಒಂದ್ ಗ್ಲುಕೋಸ್ ಬಾಟ್ಲಿ ಹಚ್ಚರಿ' ಎನ್ನುತ್ತೇವೆ. ಇಂಥವರಿಗೆ ಅದೇ ಅಪಾಯವಾಗಬಹುದು.

ಕಾರಣ ತಿಳಿಯಲು ಮತ್ತೆ ಚರಿತ್ರೆಗೆ ಹೋಗಬೇಕು. 1881ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಒಂದು ಮಿದುಳಿನ ಕಾಯಿಲೆಯನ್ನು ವರ್ಣಿಸಿದರು: ಕಣ್ಣುಗುಡ್ಡೆಗಳ ಚಲನೆ ತಪ್ಪುತ್ತದೆ, ನಡಿಗೆ ತೂರಾಡುತ್ತದೆ, ಮನಸ್ಸು ಗೊಂದಲಗೊಳ್ಳುತ್ತದೆ. ಅವರು ವಿವರಿಸಿದ ಮೂವರಲ್ಲಿ ಒಬ್ಬಳು, ಆಮ್ಲ ಕುಡಿದು ಜಠರ ಕೆಟ್ಟು ವಾಂತಿಯಿಂದ ಬಳಲಿದ ಯುವತಿ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳಿಗೆ ಬೆರಿಬೆರಿಯಂಥ ಕಾಯಿಲೆ ಬರುವುದನ್ನು ಕಂಡರು. ಅಕ್ಕಿಯ ತೌಡಿನಲ್ಲಿದ್ದ ಆ ರಕ್ಷಕ ವಸ್ತುವೇ ಥಯಾಮಿನ್, ಅಂದರೆ ಬಿ1 ಜೀವಸತ್ವ. 1936ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ನೆರೆಯ ನೆಲ್ಲೂರಿನಲ್ಲಿ. ವೆರ್ನಿಕೆ ಕಂಡ ಕಾಯಿಲೆಗೂ ಥಯಾಮಿನ್ ಕೊರತೆಯೇ ಕಾರಣವೆಂಬುದು ಆಮೇಲೆ ಸ್ಪಷ್ಟವಾಯಿತು.

ಥಯಾಮಿನ್ ದೇಹದಲ್ಲಿ ಹೆಚ್ಚು ಸಂಗ್ರಹವಾಗುವುದಿಲ್ಲ. ಊಟ ಸೇರದಿದ್ದರೆ ಎರಡು-ಮೂರು ವಾರಗಳಲ್ಲಿ ಅದು ಬರಿದಾಗಬಹುದು. ಸಕ್ಕರೆಯನ್ನು ಶಕ್ತಿಯಾಗಿ ಪರಿವರ್ತಿಸಲು ಥಯಾಮಿನ್ ಬೇಕೇ ಬೇಕು. ಅದು ಮುಗಿಯುತ್ತ ಬಂದ ದೇಹಕ್ಕೆ ಬರೀ ಗ್ಲುಕೋಸ್ ಹರಿಸಿದರೆ ಉಳಿದಷ್ಟೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಕೆಲವೊಮ್ಮೆ ನೆನಪಿನ ಶಕ್ತಿಯೇ ಶಾಶ್ವತವಾಗಿ ಕುಂದುತ್ತದೆ. ಆದ್ದರಿಂದ ಇಂಥವರಿಗೆ ಗ್ಲುಕೋಸಿಗೆ ಮೊದಲು ಅಥವಾ ಅದರೊಡನೆ ಥಯಾಮಿನ್ ಚುಚ್ಚುಮದ್ದು ಕೊಡುತ್ತಾರೆ. ಇದು ಹಣ ಬೇಡುವ ಔಷಧವಲ್ಲ, ನೆನಪು ಬೇಡುವ ಔಷಧ. ಊರಿನ ದವಾಖಾನೆಯಲ್ಲಿ ವರ್ಷಕ್ಕೊಮ್ಮೆಯೂ ಇಂಥ ರೋಗಿ ಬರದಿರಬಹುದು. 'ನನಗ ಹೊಟ್ಟಿ ಆಪರೇಷನ್ ಆಗೈತ್ರಿ, ಬಿ1 ಕೊಡದ ಗ್ಲುಕೋಸ್ ಹಚ್ಚಬ್ಯಾಡ್ರಿ' ಎಂದು ರೋಗಿಯೋ ಮನೆಯವರೋ ಹೇಳಬಲ್ಲವರಾದರೆ ಜೀವ ಉಳಿದೀತು. ಇದನ್ನು ಮನಸ್ಸಿಗೆ ನಾಟುವಂತೆ ಹೇಳಿಕೊಡುವುದು ಅನುಭವಸ್ಥರಿಂದ ಆಗುವ ಕೆಲಸ.

ಹೇಳಬಹುದಾದದ್ದು, ಹೇಳಬಾರದ್ದು

ಮೊದಲು ಊಟದ ಮಾತು. ನಗರದ ಆಸ್ಪತ್ರೆಯ ಪಥ್ಯದ ಚೀಟಿಯಲ್ಲಿ ಸೂಪು, ಓಟ್ಸ್, ಪ್ರೋಟೀನ್ ಪುಡಿ ಎಂದಿರುತ್ತದೆ. ಅದನ್ನು ಮುದ್ದೇಬಿಹಾಳದ ಅಡುಗೆಮನೆಯ ಭಾಷೆಗೆ ತಿರುಗಿಸುವವರು ಬೇಕು. ಮೊದಲ ವಾರಗಳಲ್ಲಿ ತಿಳಿಮಜ್ಜಿಗೆ, ಬೇಳೆಯ ಕಟ್ಟು, ಹಾಲು. ನಂತರ ಅರೆದ ಹೆಸರುಬೇಳೆ, ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಮೊಸರು, ಮೊಟ್ಟೆ. ಖಡಕ್ ರೊಟ್ಟಿಯ ದಿನ ಬರುವುದು ಬಹಳ ತಡವಾಗಿ, ಅದೂ ಚೆನ್ನಾಗಿ ನುರಿಸಿ ತಿನ್ನುವ ಅಭ್ಯಾಸವಾದ ಮೇಲೆ. ಯಾವ ಹಂತ ಎಷ್ಟು ದಿನ ಎಂಬುದನ್ನು ನಿಮ್ಮ ಆಸ್ಪತ್ರೆಯೇ ಹೇಳಬೇಕು.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆಂಬುದು ಸಾಮಾನ್ಯ ಸಲಹೆ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ, 30 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 7. ಪುಟ್ಟ ಚೀಲದಷ್ಟಾದ ಜಠರಕ್ಕೆ, ಅದರಲ್ಲೂ ಸಸ್ಯಾಹಾರಿಗಳಿಗೆ, 60 ಗ್ರಾಂ ಸುಲಭವಲ್ಲ. ಆದ್ದರಿಂದ ತಟ್ಟೆಯಲ್ಲಿ ಮೊದಲು ಕಾಳು, ಬೇಳೆ, ಮೊಸರು; ರೊಟ್ಟಿ ಆಮೇಲೆ. ನಮ್ಮ ರೂಢಿಗೆ ಇದು ತಿರುಗುಮುರುಗು. ಇಂಡಿಯ ನಿಂಬೆಹಣ್ಣು ಇಲ್ಲಿ ಉಪಕಾರಿ: ಬೇಳೆಗೆ ಹಿಂಡಿದ ರಸದಲ್ಲಿರುವ ಸಿ ಜೀವಸತ್ವ ಕಬ್ಬಿಣವನ್ನು ಹೀರಲು ನೆರವಾಗುತ್ತದೆ. ಊಟದ ಜೊತೆಗೆ ಚಹಾ ಕುಡಿದರೆ ಇದಕ್ಕೆ ವಿರುದ್ಧ ಪರಿಣಾಮ. ಬೈಪಾಸ್ ಆದವರು ಹೋಳಿಗೆಯಂಥ ಸಿಹಿಯನ್ನು ಗಬಗಬನೆ ತಿಂದರೆ ಎದೆ ಹೊಡೆದುಕೊಳ್ಳುವುದು, ಬೆವರು, ತಲೆಸುತ್ತು ಬರಬಹುದು. ಸಕ್ಕರೆ ಒಮ್ಮೆಲೇ ಕರುಳಿಗೆ ಸುರಿಯುವುದರ ಫಲವದು.

ಇನ್ನು ಉಪಚಾರದ ಕಷ್ಟ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಸಾಲಾಗಿ ಕುಳಿತಾಗ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಬಡಿಸುವವರು ಬಿಡುವುದಿಲ್ಲ. 'ಸಾಕು' ಎಂದರೆ ಬೇಸರ ಮಾಡಿಕೊಳ್ಳುತ್ತಾರೆ. ಇಂಥಲ್ಲಿ ಏನು ಹೇಳಬೇಕು, ಹೇಗೆ ಸ್ವಲ್ಪವೇ ಹಾಕಿಸಿಕೊಂಡು ನಿಧಾನವಾಗಿ ಉಣ್ಣಬೇಕು ಎಂಬುದು ಯಾವ ವೈದ್ಯಕೀಯ ಪುಸ್ತಕದಲ್ಲೂ ಇಲ್ಲ. ಅದನ್ನು ದಾಟಿ ಬಂದವರಿಗೆ ಗೊತ್ತು.

'ಅಕ್ಕಾರ, ನಿಮಗೂ ಹಿಂಗ ಕೂದಲ ಉದುರಿದ್ವೇನ್ರಿ?'

'ಉದುರಿದ್ವವಾ. ನಾನೂ ಅತ್ತಿದ್ದೆ. ಒಂದಾರ ತಿಂಗಳಿಗೆ ಮತ್ತ ಬಂದ್ವು. ನೀ ಗುಳಿಗಿ ತಪ್ಪಿಸಬ್ಯಾಡ, ಕಾಳು ಬ್ಯಾಳಿ ಬಿಡಬ್ಯಾಡ.'

ಶಸ್ತ್ರಚಿಕಿತ್ಸೆಯಾದ ಮೂರರಿಂದ ಆರು ತಿಂಗಳಿಗೆ ಕೂದಲು ಉದುರುವುದು ಸಾಮಾನ್ಯ. ಬಹುತೇಕ ಮರಳಿ ಬೆಳೆಯುತ್ತದೆ. ಹೀಗೆ ಹೇಳುವವರೊಬ್ಬರಿದ್ದರೆ ಅರ್ಧ ಭಯ ಹೋಗುತ್ತದೆ.

ಆದರೆ ಅನುಭವಸ್ಥರು ದಾಟಬಾರದ ಗೆರೆಯೂ ಇದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಗುಳಿಗೆಗಳನ್ನು ಕಡಿಮೆ ಮಾಡುವುದು, ನಿಲ್ಲಿಸುವುದು ವೈದ್ಯರ ಕೆಲಸ. 'ನಾನು ಬಿಟ್ಟೆ, ನೀನೂ ಬಿಡು' ಎನ್ನಬಾರದು. ಮೊಣಕಾಲು ನೋವಿಗೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವುದೂ ತಪ್ಪು. ಬೈಪಾಸ್ ಆದವರಲ್ಲಿ ಅವು ಹುಣ್ಣು ಮಾಡಿ ರಕ್ತ ಸೋರಿಸಬಲ್ಲವು. ಮದ್ಯ ಮೊದಲಿಗಿಂತ ಬೇಗ ತಲೆಗೇರುತ್ತದೆ. ತೂಕ ಇಳಿದ ಹೆಂಗಸರಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಒಂದರಿಂದ ಒಂದೂವರೆ ವರ್ಷ ಗರ್ಭಧಾರಣೆ ಮುಂದೂಡಬೇಕೆಂಬುದು ವೈದ್ಯರ ಸಲಹೆ. ಬಿ12, ಕಬ್ಬಿಣ, ಸುಣ್ಣದಂಶ, ಡಿ ಜೀವಸತ್ವಗಳ ಪರೀಕ್ಷೆ ಮತ್ತು ಗುಳಿಗೆಗಳು ಜೀವನಪೂರ್ತಿ. ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ ಇರುವುದುಂಟು. ತೀವ್ರ ಹೊಟ್ಟೆನೋವು, ಜ್ವರ, ಕಪ್ಪು ಮಲ, ನಿಲ್ಲದ ವಾಂತಿ, ತೂರಾಡುವ ನಡಿಗೆ - ಇವುಗಳಿಗೆ ಅನುಭವಸ್ಥರ ಉತ್ತರ ಒಂದೇ: 'ಈಗಲೇ ದವಾಖಾನೆಗೆ ನಡಿ.'

ಮನಸ್ಸಿನ ವಿಷಯವನ್ನೂ ಮರೆಯಬಾರದು. ತೂಕ ಇಳಿದರೂ ಖಿನ್ನತೆ ಬರಬಹುದು. ಕೆಲವರಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚುವುದನ್ನು ಅಧ್ಯಯನಗಳು ಗುರುತಿಸಿವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಕೊನೆಯದಾಗಿ, ನಿಮ್ಮನ್ನು ಒಂದೇ ಆಸ್ಪತ್ರೆಗೆ ಸೆಳೆಯುವ ಆತುರವಿರುವ 'ಅನುಭವಸ್ಥ'ರಿಂದ ದೂರವಿರಿ. ಸಲಹೆಗೆ ಕಮಿಷನ್ ಬೆರೆತರೆ ಅದು ಸಲಹೆಯಾಗಿ ಉಳಿಯುವುದಿಲ್ಲ.

ನಮ್ಮ ಜಿಲ್ಲೆಗೆ ಗೊತ್ತಿರುವ ಕೆಲಸ

'ಇದೆಲ್ಲ ಅಮೆರಿಕದ ಮಾತಾಯಿತು, ನಮ್ಮ ಊರಿನಲ್ಲಿ ಇದು ನಡೆದೀತೆ?' ಎಂದು ನೀವು ಕೇಳಬಹುದು. ನಡೆದಿದೆ, ಆದರೆ ಬೇರೆ ಕಾರಣಗಳಿಗಾಗಿ. 1989ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಸಮಾಖ್ಯಾ ಕಾರ್ಯಕ್ರಮ ಕರ್ನಾಟಕಕ್ಕೆ ಬಂದಾಗ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಅಂದಿನ ಬಿಜಾಪುರವೂ ಒಂದು. ಹಳ್ಳಿಯ ಬಡ ಹೆಂಗಸರ ಸಂಘ. ಸುಮಾರು ಹತ್ತು ಹಳ್ಳಿಗಳಿಗೊಬ್ಬ ಸಹಯೋಗಿನಿ. ಆಕೆ ಮೇಲಿನಿಂದ ಬಂದ ಅಧಿಕಾರಿಯಲ್ಲ, ಅದೇ ಭಾಷೆಯ, ಅದೇ ಕಷ್ಟ ಕಂಡ ಹೆಂಗಸು. ಕೂಲಿ, ಕುಡಿತ, ಬಾಲ್ಯವಿವಾಹದಂತೆ ಆರೋಗ್ಯವೂ ಆ ಕೂಟಗಳ ಮಾತಾಗಿತ್ತು. 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳು ವಾರಕ್ಕೊಮ್ಮೆ ಸೇರುವ ರೂಢಿಯನ್ನು ಇನ್ನಷ್ಟು ಹಳ್ಳಿಗಳಿಗೆ ಒಯ್ದವು. ಇಂದು ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರ ಮನೆಗೆ ಹೋಗಿ ತುಂಬುವ ನಮೂನೆಯಲ್ಲಿ ಸೊಂಟದ ಸುತ್ತಳತೆಯ ಪ್ರಶ್ನೆಯೂ ಇದೆ. ಅನುಭವ ಹಂಚಿಕೊಳ್ಳುವ ಅಭ್ಯಾಸ, ಮನೆಮನೆಗೆ ಹೋಗುವ ಕಾಲು, ಎರಡೂ ಇಲ್ಲಿ ಸಿದ್ಧವಾಗಿವೆ.

ಹಾಗಾದರೆ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಶಸ್ತ್ರಚಿಕಿತ್ಸೆಯಾದವರು ಕೆಲವೇ ಮಂದಿ ಇದ್ದರೂ ತೊಂದರೆಯಿಲ್ಲ. ತಿಂಗಳಿಗೊಮ್ಮೆ ಯಾರದಾದರೊಬ್ಬರ ಮನೆಯಲ್ಲೋ ಫೋನಿನಲ್ಲೋ ಸೇರಿದರಾಯಿತು. ಪ್ರಾಟ್‌ರ ರೋಗಿಗಳಂತೆ ಒಂದೊಂದು ವಹಿ ಇಟ್ಟುಕೊಳ್ಳಿ: ತೂಕ, ತಿಂದ ಪ್ರೋಟೀನು, ನುಂಗಿದ ಗುಳಿಗೆ, ಮುಂದಿನ ರಕ್ತಪರೀಕ್ಷೆಯ ದಿನಾಂಕ. ವಹಿಯ ಮೊದಲ ಪುಟದಲ್ಲಿ ಯಾವ ಶಸ್ತ್ರಚಿಕಿತ್ಸೆ, ಯಾವಾಗ, ಶಸ್ತ್ರವೈದ್ಯರ ದೂರವಾಣಿ ಸಂಖ್ಯೆ, ಮತ್ತು 'ವಾಂತಿಯಿದ್ದರೆ ಗ್ಲುಕೋಸಿಗೆ ಮೊದಲು ಥಯಾಮಿನ್' ಎಂಬ ಒಂದು ಸಾಲು. ವರ್ಷಕ್ಕೊಮ್ಮೆ ವೈದ್ಯರನ್ನೋ ಪಥ್ಯತಜ್ಞರನ್ನೋ ಕರೆಸಿ ತಪ್ಪು ತಿದ್ದಿಸಿಕೊಳ್ಳಿ. ಒಬ್ಬರ ಮಾತು ಇನ್ನೊಬ್ಬರ ಓಣಿಗೆ ಹೋಗದಿರಲಿ. ಗುಟ್ಟು ಉಳಿಯದ ಗುಂಪಿಗೆ ಯಾರೂ ಎರಡನೆಯ ಸಲ ಬರುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಹೋಗುವ ಮೊದಲೇ ಇಂಥವರೊಬ್ಬರನ್ನು ಕಂಡು ಮಾತನಾಡುವುದು ಇನ್ನೂ ಒಳ್ಳೆಯದು. ಎಲ್ಲರಿಗೂ ಅದು ಬೇಕಾಗುವುದಿಲ್ಲ. ಬೇಡವೆಂದು ತೀರ್ಮಾನಿಸಲೂ ಆ ಮಾತು ನೆರವಾಗಬೇಕು. ವಿಮೆಯಿದ್ದರೆ ಕರಾರನ್ನು ಓದಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ನಿಯಮದಂತೆ, ಸೂಚ್ಯಂಕ 40 ಮುಟ್ಟಿದ ಅಥವಾ 35 ಮುಟ್ಟಿ ತೀವ್ರ ಕಾಯಿಲೆಗಳಿರುವ ವಯಸ್ಕರಿಗೆ ವೈದ್ಯರ ಸಲಹೆಯ ಮೇಲೆ ನಡೆಯುವ ಶಸ್ತ್ರಚಿಕಿತ್ಸೆಯನ್ನು ಬೊಜ್ಜಿನ ಚಿಕಿತ್ಸೆ ಎಂಬ ಒಂದೇ ಕಾರಣಕ್ಕೆ ಹೊರಗಿಡುವಂತಿಲ್ಲ.

1877ರಲ್ಲಿ ಈ ನೆಲದ ಜನರಿಗೆ ಎಷ್ಟು ಅನ್ನ ಸಾಕೆಂದು ಗೊತ್ತುಮಾಡಿದವರು, ಆ ಕೂಲಿಯ ಮೇಲೆ ಒಂದು ದಿನವೂ ಬದುಕದವರು. ಅವರ ಲೆಕ್ಕ ತಪ್ಪಿತು. ಇಂದು ಬೊಜ್ಜಿನ ಶಸ್ತ್ರಚಿಕಿತ್ಸೆಯಾದವರ ತಟ್ಟೆಯ ಲೆಕ್ಕವನ್ನು ವಿಜ್ಞಾನ ಹಾಕಿಕೊಡಬಲ್ಲದು. ಅದನ್ನು ಉಂಡು, ಕೆಲವೊಮ್ಮೆ ತಪ್ಪಿ, ಮತ್ತೆ ತಿದ್ದಿಕೊಂಡು ಬದುಕಿದವರ ಮಾತೂ ಆ ಲೆಕ್ಕದಲ್ಲಿ ಸೇರಲಿ. ನಿಮ್ಮ ತಾಲ್ಲೂಕಿನಲ್ಲಿ ಅಂಥವರಿದ್ದರೆ ಅವರ ಮನೆಯ ಬಾಗಿಲು ತಟ್ಟಿ. ನೀವೇ ಅಂಥವರಾಗಿದ್ದರೆ ನಿಮ್ಮ ಬಾಗಿಲು ತೆರೆದಿಡಿ.